ಅಗಲ ಪಾದದವರು ಕಡಿಮೆ ಖರ್ಚಿನಲ್ಲಿ ಟ್ರೇಲ್ ರನ್ನಿಂಗ್ ಶೂ ಆರಿಸುವುದು ಹೇಗೆ: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹೊಸ ಓಟಗಾರರಿಗೆ

ಗುಡ್ಡ, ಕಾಲುವೆ ದಂಡೆ, ಹೊಲದ ದಾರಿಯಲ್ಲಿ ಓಡಲು ಶುರು ಮಾಡಿದವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದೇ. ಅಂಗಡಿಯಲ್ಲಿ ಹಾಕಿ ನೋಡಿದಾಗ ಶೂ ಸರಿಯಾಗಿಯೇ ಇತ್ತು. ಮೂರನೇ ಕಿಲೋಮೀಟರಿಗೆ ಕಿರುಬೆರಳು ಉರಿಯೋಕೆ ಶುರುವಾಯಿತು. ಒಂದು ಸೈಜ್ ದೊಡ್ಡದು ತಂದರೆ ಈಗ ಹಿಮ್ಮಡಿ ಜಾರುತ್ತದೆ, ಇಳಿಜಾರಿನಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಎರಡು ಜೋಡಿಯ ದುಡ್ಡು ಹೋಯಿತು, ಓಟವೂ ನಿಂತಿತು.

ಹೀಗಾಗುವುದು ಆರಿಸುವ ಕ್ರಮ ತಲೆಕೆಳಗಾದಾಗ. ಜನ ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಬ್ರ್ಯಾಂಡ್, ಆಮೇಲೆ ಬಣ್ಣ, ಕೊನೆಗೆ ಸೈಜ್ ನಂಬರ್. ಪಾದದ ಅಗಲ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅಗಲ ಮೊದಲು, ನೆಲ ಎರಡನೆಯದು, ಬೆಲೆ ಮೂರನೆಯದು. ಬಣ್ಣ ಯಾವುದಾದರೂ ಆಗಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಗಲ ಪಾದ ದೋಷವಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಸುಮಾರು 1 ಲಕ್ಷ ಜನರ ಪಾದ ಅಳೆಯಿತು. ನಮ್ಮವರ ಪಾದ ಸಾಮಾನ್ಯವಾಗಿ ಹೆಚ್ಚು ಅಗಲ ಎಂದು ಅದರಲ್ಲಿ ಕಂಡುಬಂತು. ಅಂಗಡಿಯಲ್ಲಿರುವ ಶೂಗಳಾದರೋ ಬೇರೆ ದೇಶದ ಪಾದಗಳ ಅಳತೆಯ ಅಚ್ಚಿನಲ್ಲಿ ತಯಾರಾದವು. ಬಿಗಿಯಾದರೆ ತಪ್ಪು ನಿಮ್ಮ ಕಾಲಿನದಲ್ಲ.

ಬೇಕಾಗುವ ಸಾಮಾನು

ಎ4 ಅಳತೆಯ ಎರಡು ಬಿಳಿ ಹಾಳೆ, ಪೆನ್ಸಿಲ್, ಸ್ಕೇಲ್, ದರ್ಜಿಗಳ ಬಳಿ ಇರುವಂಥ ಅಳತೆ ಟೇಪು, ಓಡುವಾಗ ಹಾಕುವ ಸಾಕ್ಸ್, ಜೊತೆಗೆ ಮನೆಯವರಲ್ಲಿ ಒಬ್ಬರು. ಕೊನೆಯದನ್ನು ಬಿಡಬೇಡಿ. ನೀವೇ ಬಗ್ಗಿ ಗೀಟು ಎಳೆದರೆ ಭಾರ ಮುಂದಕ್ಕೆ ವಾಲಿ ಅಳತೆ ತಪ್ಪುತ್ತದೆ.

ಹಂತ 1: ಪಾದ ಅಳೆಯುವುದು

ಸಂಜೆ ಅಳೆಯಿರಿ. ದಿನವಿಡೀ ನಿಂತು ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗಲೂ ಹಾಗೇ ಊದುತ್ತದೆ, ನಮ್ಮ ಕಡೆಯ ಬಿಸಿಲಿಗಂತೂ ಇನ್ನೂ ಜಾಸ್ತಿ. ಬೆಳಿಗ್ಗೆ ಎದ್ದ ತಕ್ಷಣ ಅಳೆದರೆ ಸಿಗುವುದು ದಿನದ ಅತಿ ಚಿಕ್ಕ ಅಳತೆ.

ಹಾಳೆಯನ್ನು ಗೋಡೆಗೆ ಒತ್ತಿ ನೆಲದ ಮೇಲೆ ಇಡಿ. ಬರಿಗಾಲಲ್ಲಿ ನಿಲ್ಲಿ, ಹಿಮ್ಮಡಿ ಗೋಡೆಗೆ ತಾಗಲಿ. ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ. ಕೂತು ಅಳೆಯಬೇಡಿ, ಭಾರ ಬಿದ್ದಾಗ ಮಾತ್ರ ಪಾದ ಪೂರ್ತಿ ಹರಡುತ್ತದೆ. ಜೊತೆಗಿರುವವರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆಯಲಿ. ಪೆನ್ಸಿಲ್ ಒಳಕ್ಕೆ ಓರೆಯಾದರೆ ಅಗಲ ಕಡಿಮೆ ಬರುತ್ತದೆ.

ಈಗ ಎರಡು ಅಳತೆ ತೆಗೆದುಕೊಳ್ಳಿ. ಉದ್ದ ಎಂದರೆ ಗೋಡೆಯ ಅಂಚಿನಿಂದ ಅತಿ ಉದ್ದದ ಬೆರಳಿನ ತುದಿಗೆ. ಕೆಲವರಿಗೆ ಹೆಬ್ಬೆರಳಿಗಿಂತ ಎರಡನೇ ಬೆರಳು ಉದ್ದ, ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ಅಗಲ ಎಂದರೆ ಹೆಬ್ಬೆರಳಿನ ಬುಡದಲ್ಲಿ ಹೊರಗೆ ಚಾಚಿರುವ ಗೆಣ್ಣಿನಿಂದ ಕಿರುಬೆರಳಿನ ಬುಡದ ಗೆಣ್ಣಿನವರೆಗೆ ನೇರ ಗೆರೆ. ಎರಡೂ ಪಾದ ಅಳೆಯಿರಿ. ಹೆಚ್ಚಿನವರಿಗೆ ಒಂದು ಪಾದ ಸ್ವಲ್ಪ ದೊಡ್ಡದಿರುತ್ತದೆ, ಶೂ ಕೊಳ್ಳಬೇಕಾದದ್ದು ಆ ಪಾದಕ್ಕೆ.

ಅಗಲವನ್ನು ಉದ್ದದಿಂದ ಭಾಗಿಸಿ. ಉದ್ದ 25.6 ಸೆಂ.ಮೀ., ಅಗಲ 10.5 ಸೆಂ.ಮೀ. ಇದ್ದರೆ 0.41 ಬರುತ್ತದೆ, ಅಂದರೆ ಉದ್ದದ ಶೇ 41ರಷ್ಟು ಅಗಲ. ಶೇ 40 ಮುಟ್ಟಿದರೆ ನಾನು ಅದನ್ನು ಅಗಲ ಪಾದ ಎಂದೇ ಲೆಕ್ಕ ಹಾಕುತ್ತೇನೆ. ಶೇ 38ರ ಆಸುಪಾಸಿನಲ್ಲಿದ್ದರೆ ಮಾಮೂಲಿ ಅಗಲದ ಶೂ ಆಗಬಹುದು. ಆಗ ನಿಮ್ಮ ತೊಂದರೆ ಬೇರೆ ಜಾಗದಲ್ಲಿದೆ, ಮುಂದಿನ ಹಂತ ನೋಡಿ.

ಈ ನಾಲ್ಕೂ ಅಂಕಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಹಾಳೆಯನ್ನೂ ಎಸೆಯಬೇಡಿ, ಅದು ಮುಂದೆ ಬೇಕಾಗುತ್ತದೆ.

ಹಂತ 2: ಅಗಲ ಎಲ್ಲಿದೆ ಎಂದು ಗುರುತಿಸುವುದು

ಇಬ್ಬರಿಗೂ ಶೂ ಬಿಗಿ ಎನಿಸಿದರೂ ಕಾರಣ ಬೇರೆಬೇರೆ ಇರಬಹುದು. ಹಾಳೆಯ ಮೇಲಿನ ಗೆರೆಯನ್ನು ಸರಿಯಾಗಿ ನೋಡಿ.

ಬೆರಳುಗಳ ತುದಿ ಬೀಸಣಿಗೆಯಂತೆ ಹರಡಿದ್ದರೆ ನಿಮಗೆ ಬೇಕಾದದ್ದು ಮುಂದಿನ ಮೂತಿ ಚೂಪಾಗಿರದ ಶೂ. ಚಿಕ್ಕಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಓಡಾಡಿದವರಲ್ಲಿ ಈ ಆಕಾರ ತುಂಬಾ ಸಾಮಾನ್ಯ. ಇಂಥವರಿಗೆ ಬೆರಳ ಬುಡದಲ್ಲಿ ಶೂ ಸರಿಯಾಗಿ ಕೂತರೂ ಮೂತಿಯಲ್ಲಿ ಕಿರುಬೆರಳು ನಲುಗುತ್ತದೆ.

ಬೆರಳ ಬುಡದಲ್ಲೇ ಅಗಲ ಜಾಸ್ತಿ ಇದ್ದರೆ ಅಥವಾ ಹೆಬ್ಬೆರಳಿನ ಪಕ್ಕದ ಗೆಣ್ಣು ಉಬ್ಬಿದ್ದರೆ, ‘ವೈಡ್’ ಎಂದು ಬೇರೆಯೇ ತಯಾರಾದ ಶೂ ಬೇಕು. ಜೊತೆಗೆ ಆ ಗೆಣ್ಣಿನ ಮೇಲೆ ಹೊಲಿಗೆಯಾಗಲಿ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯಾಗಲಿ ಬರಬಾರದು.

ಮೂರನೆಯದು ಪಾದದ ಮೇಲ್ಭಾಗ ಎತ್ತರವಿರುವುದು. ಲೇಸ್ ಕಟ್ಟಿದಾಗ ಎರಡು ಬದಿಯ ತೂತುಗಳು ತುಂಬಾ ದೂರ ಉಳಿಯುತ್ತವೆ, ಪಾದದ ಮೇಲೆ ಒತ್ತಿದಂತಾಗುತ್ತದೆ. ಇದಕ್ಕೆ ಅಗಲದ ಶೂ ಬೇಕೆಂದೇನಿಲ್ಲ. ಲೇಸ್ ಕಟ್ಟುವ ವಿಧಾನ ಬದಲಿಸಿದರೆ ಬಹಳ ಸಲ ಸಾಕಾಗುತ್ತದೆ.

ಹಿಮ್ಮಡಿಯನ್ನೂ ನೋಡಿಕೊಳ್ಳಿ. ಮುಂದೆ ಅಗಲ, ಹಿಂದೆ ಕಿರಿದು ಇರುವವರು ಬಹಳ. ಸೈಜ್ ಹೆಚ್ಚಿಸಿದಾಗ ಎಲ್ಲರಿಗಿಂತ ಮೊದಲು ಕಷ್ಟಕ್ಕೆ ಸಿಗುವವರು ಇವರೇ.

ಹಂತ 3: ನೀವು ಓಡುವ ನೆಲ ಯಾವುದು?

ಟ್ರೇಲ್ ಶೂ ಎಂದರೆ ರಸ್ತೆ ಬಿಟ್ಟು ಓಡಲು ಮಾಡಿದ ಶೂ. ಅಡಿಯಲ್ಲಿ ಟ್ರ್ಯಾಕ್ಟರ್ ಟೈರಿನ ಹಾಗೆ ಹಲ್ಲುಗಳಿರುತ್ತವೆ. ಹಲ್ಲು ಉದ್ದವಾದಷ್ಟೂ ಒಳ್ಳೆಯದು ಅಂತ ಹೊಸಬರು ನಂಬುತ್ತಾರೆ. ನಮ್ಮ ಜಿಲ್ಲೆಗಳಿಗೆ ಆ ಲೆಕ್ಕ ಹೊಂದುವುದಿಲ್ಲ.

ಬಂಡೆ ಮತ್ತು ಗರಸು. ಬಳ್ಳಾರಿಯ ಕೋಟೆ ಗುಡ್ಡ, ಕೊಪ್ಪಳದ ಕೋಟೆ, ಆನೆಗೊಂದಿ ಸುತ್ತಲಿನ ಗುಡ್ಡಗಳು, ರಾಯಚೂರು ಮತ್ತು ಮುದಗಲ್ಲಿನ ಕೋಟೆಯ ಕಡೆ ಇರುವುದು ಬಹುತೇಕ ಕಣಶಿಲೆ (ಗ್ರಾನೈಟ್). ಒಣ ಬಂಡೆ ಒಳ್ಳೆಯ ಹಿಡಿತ ಕೊಡುತ್ತದೆ, ಆದರೆ ರಬ್ಬರ್ ಬಂಡೆಗೆ ಚೆನ್ನಾಗಿ ತಾಗಬೇಕು. ಉದ್ದ ಹಲ್ಲಿನ ಶೂ ಬಂಡೆಯ ಮೇಲೆ ತುದಿಗಳಲ್ಲಷ್ಟೇ ನಿಲ್ಲುತ್ತದೆ, ಅಲುಗಾಡುತ್ತದೆ, ಹಲ್ಲು ಬೇಗ ಸವೆಯುತ್ತದೆ. 3ರಿಂದ 4 ಮಿ.ಮೀ. ಹಲ್ಲು, ಒಂದಕ್ಕೊಂದು ಹತ್ತಿರ ಇರುವುದು, ಇಲ್ಲಿಗೆ ಸರಿ. ನಿಜವಾದ ಅಪಾಯ ಇರುವುದು ಬಂಡೆಯ ಮೇಲೆ ಚೆಲ್ಲಿರುವ ಗರಸಿನಲ್ಲಿ. ಇಳಿಯುವಾಗ ಕಾಲು ಜಾರುವುದು ಅಲ್ಲೇ. ಅದಕ್ಕೆ ಹಿಮ್ಮಡಿ ಭಾಗದ ಹಲ್ಲುಗಳು ಮುಂದಿನವಕ್ಕೆ ಎದುರು ದಿಕ್ಕಿಗೆ ಮುಖ ಮಾಡಿರುವ ಶೂ ಹುಡುಕಿ. ಇಳಿಯುವಾಗ ಅವೇ ತಡೆ ಹಾಕುತ್ತವೆ.

ಕಾಲುವೆ ದಂಡೆ. ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಹರಿಯುತ್ತದೆ, ಬಲದಂಡೆಯದು ಬಳ್ಳಾರಿ ಕಡೆಗೆ. ಈ ದಂಡೆಯ ದಾರಿಗಳು ಹೊಸಬರಿಗೆ ತುಂಬಾ ಒಳ್ಳೆಯವು, ಏರಿಳಿತ ಕಡಿಮೆ. 2ರಿಂದ 3 ಮಿ.ಮೀ. ಹಲ್ಲು ಸಾಕು. ಡಾಂಬರು, ಗರಸು ಎರಡರಲ್ಲೂ ಓಡಲು ಆಗುವಂಥ ಶೂ ತೆಗೆದುಕೊಂಡರೆ ಒಂದೇ ಜೋಡಿಯಲ್ಲಿ ಕೆಲಸ ಆಗುತ್ತದೆ.

ಎರೆಮಣ್ಣು. ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯವರಿಗೆ ಹೇಳಬೇಕಿಲ್ಲ. ಒಣಗಿದ್ದಾಗ ಬಿರುಕು, ಮಳೆ ಬಂದರೆ ಅಂಟು. ಹಸಿ ಎರೆಮಣ್ಣಿಗೆ ಶೂ ಹುಡುಕಬೇಡಿ. 6 ಮಿ.ಮೀ. ಹಲ್ಲಿನ ದುಬಾರಿ ಶೂ ಕೂಡ ಹತ್ತು ಹೆಜ್ಜೆಗೆ ಮಣ್ಣು ಮೆತ್ತಿಕೊಂಡು ಭಾರವಾಗುತ್ತದೆ. ಮಳೆ ಬಿದ್ದ ಮೇಲೆ ನೆಲ ಒಣಗುವವರೆಗೆ ಗರಸು ದಾರಿಗೆ ಹೋಗಿ.

ಸಂಡೂರಿನ ಕೆಂಪು ನೆಲ. ಕಬ್ಬಿಣದ ಅದಿರಿನ ಸಣ್ಣ ಧೂಳು ತೆಳು ಜಾಲರಿಯ ಬಟ್ಟೆಯೊಳಗೆ ನುಗ್ಗುತ್ತದೆ. ಸಾಕ್ಸ್ ಒಳಗೆ ಸೇರಿ ಬೆವರಿನ ಜೊತೆ ಚರ್ಮ ಉಜ್ಜುತ್ತದೆ. ಮೇಲಿನ ಬಟ್ಟೆ ಒತ್ತಾದ ನೇಯ್ಗೆಯದಿರಲಿ. ಶೂ ನಾಲಿಗೆ ಎರಡೂ ಬದಿಗೆ ಹೊಲಿದಿರಲಿ, ಆಗ ಕಲ್ಲುಪುಡಿ, ಧೂಳು ಒಳಗೆ ಬರುವುದು ಕಡಿಮೆಯಾಗುತ್ತದೆ.

ಮುಳ್ಳು. ಇದನ್ನು ಯಾವ ಶೂ ಜಾಹೀರಾತೂ ಹೇಳುವುದಿಲ್ಲ, ನಮ್ಮಲ್ಲಿ ಮಾತ್ರ ಇದೇ ದೊಡ್ಡ ಪ್ರಶ್ನೆ. ಬಳ್ಳಾರಿ ಜಾಲಿಯ ಮುಳ್ಳು ಮೆತ್ತನೆಯ ಫೋಮನ್ನು ಸಲೀಸಾಗಿ ತೂರುತ್ತದೆ. ಶೂ ತಿರುಗಿಸಿ ಅಡಿಭಾಗ ನೋಡಿ. ತೂಕ ಇಳಿಸಲು ಕೆಲವು ಕಂಪನಿಗಳು ನಡುವೆ ರಬ್ಬರ್ ಹಾಕದೆ ಫೋಮನ್ನು ಹಾಗೇ ಬಿಟ್ಟಿರುತ್ತವೆ. ಅಂಥದ್ದು ಇಲ್ಲಿಗೆ ಬೇಡ. ಹಿಮ್ಮಡಿಯಿಂದ ಮೂತಿಯವರೆಗೆ ಪೂರ್ತಿ ರಬ್ಬರ್ ಇರಬೇಕು. ಕೆಲವು ಶೂಗಳಲ್ಲಿ ಸೋಲ್ ಒಳಗೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದಕ್ಕೆ ರಾಕ್ ಪ್ಲೇಟ್ ಅನ್ನುತ್ತಾರೆ. ಚೂಪು ಕಲ್ಲಿಗೆ ಅದು ಒಳ್ಳೆಯದು, ಮುಳ್ಳಿಗೂ ಸ್ವಲ್ಪ ಅಡ್ಡ ಬರುತ್ತದೆ. ಕಡಿಮೆ ಬೆಲೆಯ ಶೂಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಇಲ್ಲದಿದ್ದರೂ ನಡೆಯುತ್ತದೆ.

ವಾಟರ್‌ಪ್ರೂಫ್ ಶೂಗೆ ಹೆಚ್ಚು ದುಡ್ಡು ಕೊಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಅದರೊಳಗೆ ಕಾಲು ಬೇಯುತ್ತದೆ. ಮೇಲಿನಿಂದ ಒಮ್ಮೆ ನೀರು ಹೋದರೆ ಬೇಗ ಒಣಗುವುದೂ ಇಲ್ಲ.

ಹಂತ 4: ಎಷ್ಟು ಖರ್ಚು ಮಾಡಬೇಕು?

ಸುಮಾರು 1,500 ರೂಪಾಯಿಯೊಳಗೆ ಸಿಗುವ ‘ಸ್ಪೋರ್ಟ್ಸ್ ಶೂ’ಗಳಲ್ಲಿ ಬಹುಪಾಲು ಸೋಲ್ ಪೂರ್ತಿ ಫೋಮಿನದ್ದು, ಇಲ್ಲವೇ ಗಟ್ಟಿ ಪಿವಿಸಿಯದ್ದು. ಮೊದಲನೆಯದನ್ನು ಮುಳ್ಳು ತೂರುತ್ತದೆ, ಎರಡನೆಯದು ಬಂಡೆಯ ಮೇಲೆ ಜಾರುತ್ತದೆ. ವಾಕಿಂಗಿಗೆ ಸಾಕು, ಗುಡ್ಡಕ್ಕೆ ಬೇಡ.

2,500ರಿಂದ 4,500 ರೂಪಾಯಿ ಹೊಸಬರಿಗೆ ಸರಿಯಾದ ಜಾಗ. ಡೆಕಾಥ್ಲಾನ್‌ನ ಸ್ವಂತ ಬ್ರ್ಯಾಂಡಿನ ಟ್ರೇಲ್ ಶೂಗಳು, ದೊಡ್ಡ ಕಂಪನಿಗಳ ಹಿಂದಿನ ವರ್ಷದ ಮಾದರಿಗಳು ಇಲ್ಲಿ ಸಿಗುತ್ತವೆ. ಹೊಸ ಮಾದರಿ ಬಂದಾಗ ಹಳೆಯದರ ಬೆಲೆ ಇಳಿಯುತ್ತದೆ, ವ್ಯತ್ಯಾಸ ಬಹಳ ಸಲ ಬಣ್ಣ, ಬಟ್ಟೆಯಷ್ಟೇ. ದಸರಾ, ದೀಪಾವಳಿ ಮಾರಾಟದ ಹೊತ್ತಿಗೆ ನಿಮ್ಮ ಅಳತೆ ಕೈಯಲ್ಲಿದ್ದರೆ ಲಾಭ.

ಅಂಚಿನ ಬೆಲೆಯ ಶೂ ನೋಡುತ್ತಿದ್ದರೆ ತೆರಿಗೆ ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಜೋಡಿಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18.

ನಿಮ್ಮ ಲೆಕ್ಕ ಶೇ 41 ದಾಟಿ, ಗೆಣ್ಣೂ ಉಬ್ಬಿದ್ದರೆ, ನಿಜವಾದ ‘ವೈಡ್’ ಅಳತೆಗೆ 5,000ರಿಂದ 8,000 ರೂಪಾಯಿ ಇಟ್ಟುಕೊಳ್ಳಿ. ಇದು ದುಂದುವೆಚ್ಚ ಅಲ್ಲ. ಹೊಂದದ ಎರಡು ಜೋಡಿಗಿಂತ ಹೊಂದುವ ಒಂದು ಜೋಡಿ ಅಗ್ಗ. ಆಲ್ಟ್ರಾ, ಟೋಪೋ ಅಥ್ಲೆಟಿಕ್‌ನಂಥವು ಮುಂದೆ ಅಗಲವಾಗಿ ಚೆನ್ನಾಗಿವೆ, ಆದರೆ ಶುರುವಿನಲ್ಲೇ ಅಷ್ಟು ದುಡ್ಡು ಹಾಕುವ ಅಗತ್ಯ ಇಲ್ಲ. ಅಲ್ಲದೆ ಆಲ್ಟ್ರಾದ ಹೆಚ್ಚಿನ ಶೂಗಳಲ್ಲಿ ಹಿಮ್ಮಡಿಯೂ ಬೆರಳೂ ಒಂದೇ ಎತ್ತರದಲ್ಲಿರುತ್ತವೆ. ರೂಢಿಯಿಲ್ಲದವರ ಮೀನಖಂಡ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಹೊಸಬರು ಹಿಮ್ಮಡಿ ಬೆರಳಿಗಿಂತ 6ರಿಂದ 10 ಮಿ.ಮೀ. ಎತ್ತರ ಇರುವುದನ್ನು ಆರಿಸಲಿ. ಈ ಅಂಕಿ ‘ಡ್ರಾಪ್’ ಎಂಬ ಹೆಸರಿನಲ್ಲಿ ವಿವರದಲ್ಲಿ ಇರುತ್ತದೆ.

ಹಂತ 5: ಡಬ್ಬಿಯ ಚೀಟಿ ಓದುವುದು

ಯುಕೆ ನಂಬರ್ ಒಂದನ್ನೇ ನಂಬಬೇಡಿ. ಒಂದೊಂದು ಕಂಪನಿಯ 8 ಒಂದೊಂದು ಥರ. ಚೀಟಿಯ ಮೇಲೆ ‘ಸಿಎಂ’ (ಸೆಂ.ಮೀ.) ಅಥವಾ ‘ಜೆಪಿ’ (ಜಪಾನ್ ಅಳತೆ, ಅದೂ ಸೆಂ.ಮೀ. ಲೆಕ್ಕವೇ) ಎಂಬ ಅಕ್ಷರದ ಪಕ್ಕ 26, 26.5 ಎಂಬಂಥ ಅಂಕಿ ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಹಾಳೆಯ ಜೊತೆ ಹೋಲಿಸಲು ಅದೇ ಸುಲಭ.

ಶೂ ಒಳಗೆ ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಖಾಲಿ ಇರಬೇಕು. ಇಳಿಜಾರಿನಲ್ಲಿ ಪಾದ ಮುಂದೆ ಸರಿಯುತ್ತದೆ, ಅದಕ್ಕೆ ಈ ಜಾಗ. ಅದಕ್ಕಿಂತ ಹೆಚ್ಚು ಬೇಡ.

ಅಗಲಕ್ಕೆ ಅಕ್ಷರಗಳಿವೆ. ಗಂಡಸರ ಶೂಗಳಲ್ಲಿ ‘ಡಿ’ ಮಾಮೂಲಿ, ‘2ಇ’ ಅಗಲ, ‘4ಇ’ ಇನ್ನೂ ಅಗಲ. ಹೆಂಗಸರ ಶೂಗಳಲ್ಲಿ ‘ಬಿ’ ಮಾಮೂಲಿ, ‘ಡಿ’ ಅಗಲ, ‘2ಇ’ ಇನ್ನೂ ಅಗಲ. ಏನೂ ಬರೆದಿಲ್ಲದಿದ್ದರೆ ಮಾಮೂಲಿ ಅಗಲ ಎಂದೇ ತಿಳಿಯಿರಿ. ನ್ಯೂ ಬ್ಯಾಲೆನ್ಸ್ ಒಂದೇ ಮಾದರಿಯನ್ನು ಹಲವು ಅಗಲಗಳಲ್ಲಿ ಮಾಡುವುದಕ್ಕೆ ಹೆಸರಾಗಿದೆ. ಆಸಿಕ್ಸ್, ಬ್ರೂಕ್ಸ್, ಹೋಕಾ ಕೂಡ ಕೆಲವು ಮಾದರಿಗಳಲ್ಲಿ ಅಗಲ ಅಳತೆ ಕೊಡುತ್ತವೆ.

ಹೆಣ್ಣುಮಕ್ಕಳು ಇಲ್ಲೇ ದುಡ್ಡು ಉಳಿಸಬಹುದು. ಹೆಂಗಸರ ‘ಅಗಲ’ ಮತ್ತು ಗಂಡಸರ ‘ಮಾಮೂಲಿ’ ಎರಡೂ ‘ಡಿ’ಯೇ ಅಲ್ವಾ? ಹಾಗಾಗಿ ಗಂಡಸರ ವಿಭಾಗದಲ್ಲಿ ಚಿಕ್ಕ ಸೈಜ್ ಸಿಕ್ಕರೆ ಹಾಕಿ ನೋಡಿ. ಹಿಮ್ಮಡಿ ಸಡಿಲ ಆಗದಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ.

ತಯಾರಾದ ತಿಂಗಳು, ವರ್ಷವನ್ನೂ ಓದಿ. ಮೂರು ನಾಲ್ಕು ವರ್ಷ ಗೋದಾಮಿನ ಸೆಕೆಯಲ್ಲಿ ಕೂತ ಶೂ ನೋಡಲು ಹೊಸದೇ. ಅದರ ಅಂಟು ಒಣಗಿರಬಹುದು, ಫೋಮ್ ಗಟ್ಟಿಯಾಗಿರಬಹುದು. ರಿಯಾಯಿತಿ ತುಂಬಾ ಜಾಸ್ತಿ ಇದ್ದಾಗ ಮೊದಲು ನೋಡಬೇಕಾದದ್ದು ಈ ದಿನಾಂಕ. ಚೀಟಿಯೇ ಇಲ್ಲದ ‘ಫಸ್ಟ್ ಕಾಪಿ’ ಶೂ ಮುಟ್ಟಲೇಬೇಡಿ. ಹೊರಗಿನ ಆಕಾರ ಹೊಂದಿಸುತ್ತಾರೆ, ಒಳಗಿನ ಅಚ್ಚು, ರಬ್ಬರ್ ಬೇರೆಯೇ ಇರುತ್ತದೆ.

ತಪ್ಪು: ಅಗಲ ಸಾಲದೆಂದು ಸೈಜ್ ಏರಿಸುವುದು

ಇದನ್ನು ಬಿಡಿಸಿ ಹೇಳಲೇಬೇಕು. ಯುಕೆ ಅಳತೆಯಲ್ಲಿ ಒಂದು ಸೈಜ್ ಏರಿದರೆ ಉದ್ದ ಸುಮಾರು 8.5 ಮಿ.ಮೀ. ಹೆಚ್ಚುತ್ತದೆ. ಅಗಲ ಹೆಚ್ಚುವುದು ಒಂದೆರಡು ಮಿ.ಮೀ. ಮಾತ್ರ. ನಿಮಗೆ ಬೇಕಾಗಿದ್ದು 5 ಮಿ.ಮೀ. ಅಗಲವಾದರೆ ಎರಡು ಸೈಜ್ ಏರಿಸಿದರೂ ಸಾಲದು, ಅಷ್ಟರಲ್ಲಿ ಉದ್ದ 17 ಮಿ.ಮೀ. ಹೆಚ್ಚಾಗಿರುತ್ತದೆ.

ಆಮೇಲೆ ಏನಾಗುತ್ತದೆ? ಶೂ ಬಗ್ಗುವ ಜಾಗ ನಿಮ್ಮ ಬೆರಳ ಬುಡಕ್ಕಿಂತ ಮುಂದೆ ಹೋಗುತ್ತದೆ. ಹೆಜ್ಜೆ ಹೆಜ್ಜೆಗೂ ಪಾದ ಒಂದು ಕಡೆ, ಶೂ ಒಂದು ಕಡೆ ಬಗ್ಗುತ್ತದೆ. ಹಿಮ್ಮಡಿ ಎದ್ದು ಗುಳ್ಳೆ ಬರುತ್ತದೆ. ಮುಂದಿನ ಖಾಲಿ ಮೂತಿ ಕಲ್ಲಿಗೆ ತಾಗಿ ಎಡವುತ್ತೀರಿ. ಗುಡ್ಡದಲ್ಲಿ ಎಡವುವುದು ಸಣ್ಣ ಮಾತಲ್ಲ. ಅರ್ಧ ಸೈಜ್ ಏರಿಸುವುದಕ್ಕೆ ಅಡ್ಡಿಯಿಲ್ಲ, ಅದಕ್ಕಿಂತ ಮೇಲೆ ಬೇಡ.

ಹಂತ 6: ಹಾಕಿ ನೋಡುವುದು

ನಮ್ಮ ಊರಿನ ಅಂಗಡಿಗಳಲ್ಲಿ ‘2ಇ’ ಸಿಗುವುದು ಅಪರೂಪ. ಕೊಪ್ಪಳದವರು ಹುಬ್ಬಳ್ಳಿಗೆ, ರಾಯಚೂರಿನವರು ಹೈದರಾಬಾದಿಗೆ, ಬಳ್ಳಾರಿಯವರು ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಈ ಕೆಲಸವನ್ನೂ ಮುಗಿಸಿಕೊಳ್ಳಿ. ಬೆಳಗಿನ ಬದಲು ಸಂಜೆ ಹೋಗಿ, ನಿಮ್ಮದೇ ಸಾಕ್ಸ್ ಒಯ್ಯಿರಿ.

ಮೊದಲು ಶೂ ಹಾಕಬೇಡಿ. ಒಳಗಿನ ಇನ್‌ಸೋಲ್ (ಅಂಗಾಲಿನ ಕೆಳಗೆ ಬರುವ ಮೆತ್ತೆ) ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಎರಡೂ ಬದಿ ಸೇರಿ ಒಂದೆರಡು ಮಿ.ಮೀ. ಪಾದ ಹೊರಬಂದರೆ ಪರವಾಗಿಲ್ಲ. ಕಿರುಬೆರಳು ಪೂರ್ತಿ ಹೊರಗೆ ಉಳಿದರೆ ಆ ಮಾದರಿ ಬಿಟ್ಟುಬಿಡಿ, ಹಾಕಿ ನೋಡುವ ಅಗತ್ಯವೇ ಇಲ್ಲ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಪರೀಕ್ಷೆ ನೆನಪಿಡುತ್ತೀರಿ ಎಂದರೆ ಇದನ್ನು ಇಟ್ಟುಕೊಳ್ಳಿ. ಇನ್‌ಸೋಲ್ ಅಂಟಿಸಿದ್ದು ಹೊರಬರದಿದ್ದರೆ ಮನೆಯಿಂದ ತಂದ ಹಾಳೆಯ ಗೆರೆಯನ್ನು ಕತ್ತರಿಸಿ ಶೂ ಒಳಗೆ ಹಾಕಿ. ಅಂಚು ಮಡಚಿಕೊಂಡರೆ ಶೂ ಕಿರಿದು ಎಂದೇ ಅರ್ಥ.

ಇನ್‌ಸೋಲ್ ಸರಿಹೋದರೆ ಎರಡೂ ಶೂ ಹಾಕಿ. ಲೇಸ್ ಪೂರ್ತಿ ಸಡಿಲಿಸಿ, ಹಿಮ್ಮಡಿಯನ್ನು ನೆಲಕ್ಕೆ ತಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ಬಿಗಿಯುತ್ತಾ ಬನ್ನಿ. ನಿಂತುಕೊಂಡು ಬೆರಳುಗಳನ್ನು ಆಡಿಸಿ, ಐದೂ ಬೆರಳು ಆಡಬೇಕು. ಬದಿಯಿಂದ ನೋಡಿದರೆ ಕಿರುಬೆರಳಿನ ಕಡೆ ಬಟ್ಟೆ ಉಬ್ಬಿ ಸೋಲಿನ ಅಂಚು ದಾಟಿ ಹೊರಬಂದಿರಬಾರದು. ಬೆರಳ ಬುಡದ ಮೇಲಿನ ಬಟ್ಟೆಯನ್ನು ಚಿವುಟಿ ನೋಡಿ. ಸ್ವಲ್ಪವೂ ಸಿಗದೆ ಸೆಟೆದುಕೊಂಡಿದ್ದರೆ ಬಿಗಿ, ಮಡಿಕೆ ಬೀಳುವಷ್ಟು ಸಿಕ್ಕರೆ ಸಡಿಲ.

ಈಗ ಮೆಟ್ಟಿಲು ಇಳಿಯಿರಿ. ಅಂಗಡಿಯಲ್ಲಿ ಮೆಟ್ಟಿಲೋ ಇಳಿಜಾರೋ ಇದ್ದೇ ಇರುತ್ತದೆ. ಸಮತಟ್ಟು ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಇಳಿಯುವಾಗ ಬೆರಳು ಮೂತಿಗೆ ತಾಗಬಾರದು, ಹತ್ತುವಾಗ ಹಿಮ್ಮಡಿ ಏಳಬಾರದು. ಐದು ನಿಮಿಷ ಹೀಗೆ ಮಾಡಿ. ಅಂಗಡಿಯವರು ಬೇಸರ ಮಾಡಿಕೊಂಡರೂ ಸಂಕೋಚ ಬೇಡ, ದುಡ್ಡು ನಿಮ್ಮದು.

ಆಗ ಒಂದು ಮಾತು ಬಂದೇ ಬರುತ್ತದೆ: “ಹಾಕ್ಕೋತ ಹಾಕ್ಕೋತ ಸಡಲ ಆಗ್ತದ್ರಿ.” ಚರ್ಮದ ಶೂಗೆ ಈ ಮಾತು ನಿಜ. ಟ್ರೇಲ್ ಶೂಗಳ ಸಿಂಥೆಟಿಕ್ ಬಟ್ಟೆ, ಅದರ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿ ಹಾಗೆ ಹಿಗ್ಗುವುದಿಲ್ಲ. ಅಂಗಡಿಯಲ್ಲಿ ಒತ್ತಿದ್ದು ಗುಡ್ಡದಲ್ಲೂ ಒತ್ತುತ್ತದೆ.

ಕೊನೆಗೆ ಶೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳ ಬುಡದಲ್ಲಿ ಬಗ್ಗಬೇಕು, ನಡುವೆ ಮಡಚಬಾರದು. ಮುಂಭಾಗದ ಸೋಲನ್ನು ಕೆಳಗಿನಿಂದ ಹೆಬ್ಬೆರಳಲ್ಲಿ ಒತ್ತಿ, ಒಳಗೆ ಇನ್ನೊಂದು ಕೈ ಇಡಿ. ಒತ್ತು ಚೂಪಾಗಿ ಗೊತ್ತಾದರೆ ಕಲ್ಲುಗಳೂ ಹಾಗೇ ಚುಚ್ಚುತ್ತವೆ. ಹಿಮ್ಮಡಿ ಹಿಂದಿನ ಗೋಡೆ ಸುಲಭವಾಗಿ ಒಳಕ್ಕೆ ಕುಸಿಯಬಾರದು.

ಆನ್‌ಲೈನ್ ತರಿಸುವವರಿಗೆ

ಹಿಂತಿರುಗಿಸುವ ನಿಯಮವನ್ನು ದುಡ್ಡು ಕಟ್ಟುವ ಮುಂಚೆ ಓದಿ. ‘ಬದಲಿ ಮಾತ್ರ’ ಎಂದಿದ್ದರೆ ಅಗಲ ಪಾದದವರಿಗೆ ಉಪಯೋಗವಿಲ್ಲ. ಅದೇ ಅಚ್ಚಿನ ಇನ್ನೊಂದು ಸೈಜ್ ಕೊಡುತ್ತಾರೆ ಅಷ್ಟೇ. ಕೊಂಡವರ ಅಭಿಪ್ರಾಯಗಳಲ್ಲಿ ನಕ್ಷತ್ರ ಎಣಿಸಬೇಡಿ, ‘ಬಿಗಿ’, ‘ಕಿರಿದು’, ‘ಅಗಲ’ ಎಂಬ ಮಾತುಗಳನ್ನು ಹುಡುಕಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಟ್ಟುಕೊಳ್ಳಿ. ನೆಲಕ್ಕೆ ಹಳೆ ಬೆಡ್‌ಶೀಟ್ ಹಾಸಿ ಅದರ ಮೇಲೆ ಮಾತ್ರ ನಡೆಯಿರಿ, ಚೀಟಿ ಕೀಳಬೇಡಿ. ಸೋಲಿಗೆ ಒಂದು ಚೂರು ಕೆಂಪು ಮಣ್ಣು ಹತ್ತಿದರೂ ವಾಪಸ್ ತೆಗೆದುಕೊಳ್ಳುವಾಗ ತಕರಾರು ಬರಬಹುದು.

ಹಂತ 7: ಲೇಸ್ ಕಟ್ಟುವ ಮೂರು ರೀತಿ

ಮುಂಭಾಗ ಬಿಗಿ ಎನಿಸಿದರೆ ಬೆರಳ ಕಡೆಯ ಮೊದಲ ಜೋಡಿ ತೂತು ಬಿಟ್ಟು ಎರಡನೆಯದರಿಂದ ಲೇಸ್ ಹಾಕಲು ಶುರು ಮಾಡಿ. ಶೂ ಅಲ್ಲಿ ತೆರೆದುಕೊಳ್ಳುತ್ತದೆ.

ಪಾದದ ಮೇಲೆ ಒತ್ತುತ್ತಿದ್ದರೆ ಆ ಜಾಗದಲ್ಲಿ ಲೇಸನ್ನು ಅಡ್ಡ ದಾಟಿಸಬೇಡಿ. ಅದೇ ಬದಿಯಲ್ಲಿ ನೇರ ಮೇಲಿನ ತೂತಿಗೆ ಒಯ್ದು, ಅಲ್ಲಿಂದ ಮುಂದೆ ಮಾಮೂಲಿನಂತೆ ಕಟ್ಟಿ.

ಹಿಮ್ಮಡಿ ಏಳುತ್ತಿದ್ದರೆ ಮೇಲ್ತುದಿಯಲ್ಲಿ ಹೆಚ್ಚಿಗೆ ಕೊಟ್ಟಿರುವ ಕೊನೆಯ ತೂತು ಬಳಸಿ. ಲೇಸನ್ನು ಅದೇ ಬದಿಯ ಕೊನೆಯ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿದರೆ ಒಂದು ಕುಣಿಕೆ ಆಗುತ್ತದೆ. ಎರಡೂ ಬದಿ ಹೀಗೆ ಮಾಡಿ, ಬಲದ ಲೇಸನ್ನು ಎಡದ ಕುಣಿಕೆಯಲ್ಲಿ, ಎಡದ್ದನ್ನು ಬಲದ ಕುಣಿಕೆಯಲ್ಲಿ ತೂರಿಸಿ ಕೆಳಕ್ಕೆ ಎಳೆದು ಕಟ್ಟಿ. ಮುಂದೆ ಅಗಲ, ಹಿಂದೆ ಕಿರಿದು ಇರುವವರಿಗೆ ಮೊದಲ ಮತ್ತು ಮೂರನೆಯ ರೀತಿ ಎರಡೂ ಒಟ್ಟಿಗೆ ಬೇಕು.

ಹಂತ 8: ಮೊದಲ ಎರಡು ವಾರ

ವಾಪಸ್ ಕೊಡುವ ಅವಧಿ ಮುಗಿಯುವವರೆಗೆ ಮನೆಯೊಳಗೇ ದಿನಕ್ಕೆ ಅರ್ಧ ಗಂಟೆ ಹಾಕಿ. ಆಮೇಲೆ ಕಾಲುವೆ ದಂಡೆಯಲ್ಲಿ ಒಂದೆರಡು ಕಿಲೋಮೀಟರ್. ಅದು ಸರಿಹೋದ ಮೇಲೆ ಗರಸು, ಕೊನೆಗೆ ಗುಡ್ಡ. ಹೊಸ ಶೂ ಹಾಕಿ ನೇರ ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಹೋಗಬೇಡಿ. ಹತ್ತುವುದು ಹೇಗೋ ಆಗುತ್ತದೆ, ಇಳಿಯುವಾಗ ಬೆರಳುಗಳಿಗೆ ಗೊತ್ತಾಗುತ್ತದೆ. ಸಾಕ್ಸ್ ಹತ್ತಿಯದು ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ತೆಳು ಸಿಂಥೆಟಿಕ್ ಸಾಕ್ಸ್ ಹಾಕಿ, ದಪ್ಪದ್ದು ಹಾಕಿದರೆ ಕಷ್ಟಪಟ್ಟು ಹುಡುಕಿದ ಅಗಲವೆಲ್ಲ ಹೋಗುತ್ತದೆ.

ಆನೆಗೊಂದಿ, ದರೋಜಿ ಕಡೆಯ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಬಿಸಿಲು ತಪ್ಪಿಸಲು ಬೇಗ ಹೊರಡುವುದು ಸರಿ, ಆದರೆ ಕತ್ತಲಲ್ಲಿ ಒಬ್ಬರೇ ಹೋಗಬೇಡಿ.

ಪ್ರತಿ ಓಟದ ನಂತರ ಸಾಕ್ಸ್ ತೆಗೆದು ಪಾದ ನೋಡಿ. ಹತ್ತು ನಿಮಿಷದಲ್ಲಿ ಮಾಯವಾಗುವ ಕೆಂಪು ಗುರುತಿಗೆ ಚಿಂತೆ ಬೇಡ. ಉಳಿದಂತೆ ಈ ಸೂಚನೆಗಳನ್ನು ಕಡೆಗಣಿಸಬೇಡಿ.

ಕಿರುಬೆರಳಿನ ಹೊರಬದಿ ಗುಳ್ಳೆ ಬಂದರೆ ಮೂತಿ ಕಿರಿದು. ಲೇಸಿನಿಂದ ಸರಿಹೋಗದಿದ್ದರೆ ಶೂ ಬದಲಿಸಬೇಕು.

ಉಗುರು ಕಪ್ಪಾದರೆ ಉದ್ದ ಸಾಲದು, ಇಲ್ಲವೇ ಪಾದ ಒಳಗೆ ಜಾರುತ್ತಿದೆ. ಮೊದಲು ಹಿಮ್ಮಡಿ ಕುಣಿಕೆ ಹಾಕಿ ನೋಡಿ. ಉಗುರು ಚಿಕ್ಕದಾಗಿ ಕತ್ತರಿಸಿದ್ದೀರಾ ಎಂಬುದನ್ನೂ ಗಮನಿಸಿ.

ಬೆರಳು ಜೋಮು ಹಿಡಿದರೆ ತಕ್ಷಣ ನಿಂತು ಲೇಸ್ ಸಡಿಲಿಸಿ. ಸಡಿಲಿಸಿದ ಮೇಲೂ ಪದೇಪದೇ ಜೋಮು ಬಂದರೆ, ಮೂರು ನಾಲ್ಕನೇ ಬೆರಳ ನಡುವೆ ಉರಿ, ಚುಚ್ಚಿದಂಥ ನೋವು ಇದ್ದರೆ, ನರ ಒತ್ತಿರಬಹುದು. ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಶೂ ಒತ್ತುವುದೂ ಮುಳ್ಳು ಚುಚ್ಚುವುದೂ ಗೊತ್ತಾಗುವುದಿಲ್ಲ, ಸಣ್ಣ ಗಾಯ ದೊಡ್ಡದಾಗುತ್ತದೆ. ದಿನವೂ ಅಂಗಾಲು ನೋಡಿಕೊಳ್ಳುವುದು ಇವರಿಗೆ ಕಡ್ಡಾಯ.

ಹಂತ 9: ಶೂ ಹೆಚ್ಚು ದಿನ ಬಾಳಲು

ಓಡಿ ಬಂದ ಮೇಲೆ ಸೋಲ್ ತಿರುಗಿಸಿ ಮುಳ್ಳು ಕೀಳಿರಿ, ಒಂದು ಚಿಮಟ ಬಾಗಿಲ ಹತ್ತಿರವೇ ಇರಲಿ. ಮುರಿದು ಒಳಗೆ ಉಳಿದ ತುದಿ ದಿನಕ್ಕಿಷ್ಟು ಮೇಲೆ ಬಂದು ಒಂದು ದಿನ ಅಂಗಾಲಿಗೆ ಚುಚ್ಚುತ್ತದೆ. ಎರೆಮಣ್ಣು ಹತ್ತಿದ್ದರೆ ಒಣಗಿದ ಮೇಲೆ ತಟ್ಟಿ ಉದುರಿಸಿ, ಹಸಿಯಿದ್ದಾಗ ಉಜ್ಜಿದರೆ ಬಟ್ಟೆಯೊಳಗೆ ಇಳಿಯುತ್ತದೆ. ತೊಳೆಯುವುದಾದರೆ ಬಕೆಟ್ ನೀರು, ಸ್ವಲ್ಪ ಸೋಪು, ಹಳೆ ಬ್ರಷ್. ವಾಷಿಂಗ್ ಮಷಿನ್ ಬೇಡ.

ಮಾಳಿಗೆಯ ಮೇಲೆ ಬಿಸಿಲಿಗೆ ಇಡುವ ರೂಢಿ ಬಿಡಿ. ಮೇ ತಿಂಗಳ ಬಿಸಿಲಿಗೆ ಕಾದ ಮಾಳಿಗೆಯಲ್ಲಿ ಅಂಟು ಸಡಿಲವಾಗಿ ಸೋಲ್ ಬಾಯಿ ಬಿಡುತ್ತದೆ. ಒಳಗೆ ಹಳೆ ಪೇಪರ್ ತುರುಕಿ ನೆರಳಲ್ಲಿ ಗಾಳಿಗೆ ಇಡಿ. ಮೂತಿಯ ರಬ್ಬರ್ ಸ್ವಲ್ಪ ಎದ್ದಿದ್ದರೆ ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಅಂಟು ಹಾಕಿಸಿ ಒತ್ತಿಸಿದರೆ ಸಾಕು, ಹೊಸ ಜೋಡಿ ಬೇಕಿಲ್ಲ.

ಇಂಥ ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ನಮ್ಮ ಬಂಡೆ, ಗರಸಿನಲ್ಲಿ ಕೆಳಗಿನ ಅಂಕಿಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಬೆರಳ ಬುಡದ ಕೆಳಗಿನ ಹಲ್ಲು ಸವೆದು ನಯವಾದರೆ, ಟೇಬಲ್ ಮೇಲಿಟ್ಟಾಗ ಶೂ ಒಂದು ಬದಿಗೆ ವಾಲಿದರೆ, ಮೊದಲಿಲ್ಲದ ಮಂಡಿ ಅಥವಾ ಮೀನಖಂಡದ ನೋವು ಶುರುವಾದರೆ ಬದಲಿಸುವ ಹೊತ್ತು ಬಂದಿದೆ.

ಎಸೆಯುವ ಮುಂಚೆ ಅದರ ಇನ್‌ಸೋಲ್ ತೆಗೆದಿಟ್ಟುಕೊಳ್ಳಿ. ಬೆರಳುಗಳ ಅಚ್ಚು ಅದರಲ್ಲಿ ಕಪ್ಪಾಗಿ ಮೂಡಿರುತ್ತದೆ. ಅಚ್ಚು ಅಂಚು ದಾಟಿದ್ದರೆ ಮುಂದಿನ ಜೋಡಿ ಅಷ್ಟು ಅಗಲ ಬೇಕು, ಮುಂದೆ 1 ಸೆಂ.ಮೀ.ಗಿಂತ ಬಹಳ ಜಾಸ್ತಿ ಬಿಳಿ ಜಾಗ ಉಳಿದಿದ್ದರೆ ಉದ್ದ ಇಳಿಸಬಹುದು. ಅಂಗಡಿಗೆ ಹೋಗುವಾಗ ಅದನ್ನೇ ಒಯ್ದು ಹೊಸ ಶೂನ ಇನ್‌ಸೋಲ್ ಮೇಲೆ ಇಟ್ಟು ನೋಡಿ.